ದೋಣಿಯ ಪಾಲು ದೋಣಿಗೇ ಸಲ್ಲಲಿ

ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ದುಡಿಮೆ ಹಂಚುವುದಕ್ಕೆ ಹಳೆಯ ಕಟ್ಟಳೆಯೊಂದಿದೆ. ಮೀನು ಮಾರಿದ ಹಣದಲ್ಲಿ ಮೊದಲು ಎಣ್ಣೆ ಖರ್ಚು ಕಳೆಯುತ್ತಾರೆ. ಉಳಿದದ್ದರಲ್ಲಿ ಕಡಲಿಗಿಳಿದವರಿಗೆ ಪಾಲು. ದೋಣಿ, ಬಲೆ, ಎಂಜಿನ್‌ಗೂ ಪಾಲು. ಪ್ರಮಾಣ ಊರಿಂದ ಊರಿಗೆ ಬೇರೆಯಾದರೂ ದೋಣಿಗೂ ಕೂಲಿ ಉಂಟು ಎಂಬ ತಿಳಿವಳಿಕೆ ಒಂದೇ. ಗಂಗೊಳ್ಳಿ ಕಡೆಯ ನಮ್ಮ ಮನೆಗೆ ಫೈಬರ್ ದೋಣಿ ಬಂದಾಗಿನಿಂದ ಅದರ ಲೆಕ್ಕದ ಪುಸ್ತಕ ಬರೆಯುವುದು ನನ್ನ ಕೆಲಸ. ಪಾಲು ಹಂಚಿದ ಕೂಡಲೇ ಅಣ್ಣ ಒಂದಷ್ಟು ನೋಟುಗಳನ್ನು ಬೇರೆ ಮಡಚಿ ನನ್ನ ಕೈಗಿಡುತ್ತಾನೆ: “ಇದ್ ದೋಣಿ ದುಡ್ಡ್, ಮನಿ ಖರ್ಚಿಗಲ್ಲ.” ದೋಣಿಯ ಪಾಲನ್ನು ಲಾಭವೆಂದು ತಿಳಿದವರ ಮನೆಯಲ್ಲಿ ದೋಣಿ ಬೇಗ ಮುದಿಯಾಗುತ್ತದೆ ಎನ್ನುವುದು ನಾನು ಕಡಲತಡಿಯಲ್ಲಿ ಕಂಡುಕೊಂಡ ಸತ್ಯ.

ಮರದ ದೋಣಿಗೆ ಗೇರೆಣ್ಣೆ, ಮೀನೆಣ್ಣೆ ಬಳಿಯಲೇಬೇಕಿತ್ತು. ಫೈಬರ್ ಬಂದಮೇಲೆ ‘ಇದಕ್ಕೇನೂ ಆಗುವುದಿಲ್ಲ’ ಎಂಬ ನಂಬಿಕೆ ಬೆಳೆಯಿತು. ಫೈಬರ್ ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ನಿಜ. ಆದರೆ ಗಾಜಿನ ಎಳೆ ಮತ್ತು ರಾಳದಿಂದಾದ ಆ ಮೈಯನ್ನು ಕಾಯುವುದು ಹೊರಗಿನ ಜೆಲ್‌ಕೋಟ್, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪದ ಪದರ. ಬಿಸಿಲಿಗೆ ಅದು ಸುಣ್ಣದಂತೆ ಪುಡಿಯಾಗುತ್ತದೆ, ಮರಳಿನ ಮೇಲೆ ಎಳೆದಾಗ ಸವೆಯುತ್ತದೆ. ಗೀರು ಒಳಗಿನ ಗಾಜಿನೆಳೆಯ ಮ್ಯಾಟ್‌ವರೆಗೆ ಇಳಿದರೆ ನೀರು ಎಳೆಗುಂಟ ಹರಿದು ಒಳಸೇರುತ್ತದೆ. ಸದಾ ನೀರಿನಲ್ಲೇ ನಿಂತ ದೋಣಿಯ ತಳದಲ್ಲಿ ಬೊಕ್ಕೆಗಳೇಳುವುದೂ ಉಂಟು. ಚುಚ್ಚಿದರೆ ಹುಳಿ ವಾಸನೆಯ ದ್ರವ ಜಿನುಗುತ್ತದೆ. ಅಷ್ಟಾದರೆ ರಿಪೇರಿ ಖರ್ಚು ದೊಡ್ಡದೇ.

ದೋಣಿ ಬೇಗ ಹಾಳಾಗದಿರಲು ದಿನವೂ ಬೇಕಾದದ್ದು ಬಾವಿಯ ನೀರು, ಸೌಮ್ಯ ಸೋಪು, ಮೆತ್ತನೆಯ ಬ್ರಷ್. ಅಣ್ಣ ಮೊದಲು ಹಿಂಬದಿಯ ತೂತಿನ ಬಿರಡೆ ತೆಗೆಯುತ್ತಾನೆ. ಮೇಲಂಚಿನಿಂದ ಕೆಳಗೆ ತೊಳೆಯುತ್ತಾ ಬಂದು, ಅಡ್ಡಪಟ್ಟಿಗಳ ಸಂದಿಯಲ್ಲಿ ಒಣಗಿ ಅಂಟಿದ ಮೀನಿನ ರಕ್ತ, ಹುರುಪೆಯನ್ನು ಬೆರಳಿನಿಂದಲೇ ಕೆದಕಿ ತೆಗೆಯುತ್ತಾನೆ. ತಂತಿಯ ಬ್ರಷ್ಷನ್ನು ಹತ್ತಿರಕ್ಕೂ ಬಿಡುವುದಿಲ್ಲ. ಕೊನೆಗೆ ಎಂಜಿನ್ನಿನ ಕೆಳಭಾಗವನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸುತ್ತಾನೆ. ತಂಪುನೀರು ಹರಿಯುವ ದಾರಿಯಲ್ಲಿ ಉಪ್ಪು ಗಟ್ಟಿಯಾದರೆ ಎಂಜಿನ್ ಕಾದು ಕೆಡುತ್ತದೆ.

ಆ ಹತ್ತು ನಿಮಿಷದ ಬೆಲೆಯೆಷ್ಟು? ಲೆಕ್ಕಕ್ಕಾಗಿ, ಎಂಜಿನ್ನಿಗೆ 2 ಲಕ್ಷ ರೂಪಾಯಿ, ವರ್ಷಕ್ಕೆ 160 ದಿನ ಮೀನುಗಾರಿಕೆ ಎಂದಿಟ್ಟುಕೊಳ್ಳೋಣ. ಎಂಜಿನ್ 5 ವರ್ಷ ಬಾಳಿದರೆ ದಿನಕ್ಕೆ 250 ರೂಪಾಯಿ ಸವೆದಂತೆ. ಅದೇ 8 ವರ್ಷ ಬಾಳಿದರೆ ಸುಮಾರು 156 ರೂಪಾಯಿ. ದಿನಕ್ಕೆ ತೊಂಬತ್ತಕ್ಕೂ ಹೆಚ್ಚು ರೂಪಾಯಿ ಉಳಿಯಿತು.

ತಳದ ಲೆಕ್ಕವೂ ಹೀಗೆಯೇ. ಮರವಂತೆಯಂಥ ಕಡೆ ಮರಳಿಗೆ ಎಳೆದಿಡುವ ದೋಣಿಗೆ ಸವಕಳಿಯ ಕಾಟ. ಪಂಚಗಂಗಾವಳಿಯ ಅಳಿವೆಯಲ್ಲಿ ಲಂಗರು ಹಾಕಿದ ದೋಣಿಯ ತಳಕ್ಕೆ ಪಾಚಿಯೂ ಕಲ್ಲಿನಂಥ ಚಿಪ್ಪಿನ ಬಾರ್ನಕಲ್‌ಗಳೂ ಅಂಟುತ್ತವೆ. ತಳ ಒರಟಾದರೆ ದೋಣಿ ಹಿಂದೆಳೆಯುತ್ತದೆ, ಎಣ್ಣೆ ಹೆಚ್ಚು ಸುಡುತ್ತದೆ. ದಿನಕ್ಕೆ 20 ಲೀಟರ್ ಕುಡಿಯುವ ದೋಣಿ ನೂರಕ್ಕೆ ಹತ್ತರಷ್ಟು ಹೆಚ್ಚು ಕುಡಿದರೂ 20 ದಿನಕ್ಕೆ 40 ಲೀಟರ್ ವ್ಯರ್ಥ. ತಳ ಹಸಿಯಿರುವಾಗಲೇ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದರೆ ಇವು ಸುಲಭವಾಗಿ ಬಿಡುತ್ತವೆ. ನೀರಿನಲ್ಲೇ ನಿಲ್ಲುವ ದೋಣಿಗೆ ತಾಮ್ರದ ಅಂಶವಿರುವ ಆ್ಯಂಟಿಫೌಲಿಂಗ್ ಬಣ್ಣ ಬಳಿಯುವುದು ಒಳ್ಳೆಯ ಹೂಡಿಕೆ.

ವರ್ಷದ ದೊಡ್ಡ ಕೆಲಸವನ್ನು ಮಳೆಗೆ ಮೊದಲೇ ಮುಗಿಸಬೇಕು. ಒದ್ದೆ ಮೈಗೆ ರಾಳ ಹಿಡಿಯುವುದಿಲ್ಲ. ಒಡಕಿನ ಸುತ್ತ ಇಳಿಜಾರಾಗಿ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮ್ಯಾಟ್ ಮತ್ತು ರಾಳ ಹಚ್ಚಿ, ಕೊನೆಗೆ ಜೆಲ್‌ಕೋಟ್ ಬಳಿಯಬೇಕು. ಇದಕ್ಕೆ ಹಣ ಮೇ ತಿಂಗಳಲ್ಲೇ ಕೈಯಲ್ಲಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿವರೆಗಿನ ನಾಡದೋಣಿಗೆ ವಿನಾಯಿತಿಯಿದ್ದರೂ ಕಡಲು ಪ್ರತಿದಿನ ಬಿಟ್ಟುಕೊಡುವುದಿಲ್ಲ. ಬರಿಗೈಯ ಆ ದಿನಗಳಲ್ಲಿ ರಿಪೇರಿಗೆ ಕೈಸಾಲ ಮಾಡಿದರೆ, ಸುಗ್ಗಿಯ ಮೊದಲ ಮೀನು ಬಡ್ಡಿಗೇ ಹೋಗುತ್ತದೆ.

‘ವಿಮೆ ಇದೆಯಲ್ಲ’ ಎಂದು ನೆಮ್ಮದಿಯಿಂದ ಇರುವವರಿಗೊಂದು ಮಾತು. 1963ರ ಸಾಗರ ವಿಮಾ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಬರೆದಿರದಿದ್ದರೆ ಸಹಜ ಸವಕಳಿಗೆ ವಿಮಾ ಕಂಪನಿ ಹೊಣೆಯಲ್ಲ. ಅಪಘಾತಕ್ಕೆ ವಿಮೆ ಬೇಕೇ ಬೇಕು; ಸವಕಳಿಗೆ ನಮ್ಮ ಉಳಿತಾಯವೇ ಗತಿ.

ನಮ್ಮ ಮನೆಯ ಪದ್ಧತಿ ಸರಳ. ದೋಣಿಯ ಪಾಲಿಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಪುಸ್ತಕದಲ್ಲಿ ಮೂರು ಕಾಲಂ: ದಿನದ ಆರೈಕೆ, ಮೇ ತಿಂಗಳ ರಿಪೇರಿ, ಮುಂದಿನ ಎಂಜಿನ್. ಮೂರಕ್ಕೂ ಹಾಕಿ ಉಳಿದದ್ದು ಮಾತ್ರ ಮನೆಗೆ. ಮೀನು ಕಡಿಮೆ ಬಿದ್ದ ದಿನ ಸಣ್ಣ ಮೊತ್ತವಾದರೂ ಸರಿ, ಕಾಲಂ ಖಾಲಿ ಬಿಡುವುದಿಲ್ಲ. ಟ್ಯಾಕ್ಸಿ, ಟ್ರ್ಯಾಕ್ಟರ್, ಹೊಲಿಗೆ ಯಂತ್ರ ನಂಬಿ ಬದುಕುವವರಿಗೂ ನಾನು ಹೇಳುವುದು ಇದನ್ನೇ: ನಿಮಗಾಗಿ ದುಡಿಯುವ ಯಂತ್ರದ ಕೂಲಿಯನ್ನು ಮೊದಲು ಕೊಟ್ಟು, ಆಮೇಲೆ ನಿಮ್ಮ ಲಾಭ ಎಣಿಸಿ.