ಯಾಕೆ? ಹೇಗೆ? - ಮನೆಯೊಳಗಿನ ವಿಜ್ಞಾನ

ಮಕ್ಕಳು ಪ್ರಶ್ನೆ ಕೇಳಿದಾಗ ‘ಅದು ಹಾಗೆಯೇ’ ಎಂದು ಹೇಳಿ ಸುಮ್ಮನಾಗಿಸುವುದು ಸುಲಭ. ಆದರೆ ಅಡುಗೆ ಮನೆ, ಬಚ್ಚಲು ಮನೆಗಳಲ್ಲಿ ಹುಟ್ಟುವ ಪ್ರಶ್ನೆಗಳಿಗೆ ಸರಿಯಾದ ಉತ್ತರ ತಿಳಿದಿದ್ದರೆ ಕುತೂಹಲ ತಣಿಯುವುದಷ್ಟೇ ಅಲ್ಲ, ಆರೋಗ್ಯವೂ ಉಳಿಯುತ್ತದೆ. ಕೆಲವು ಉತ್ತರಗಳು ಜೀವವನ್ನೇ ಉಳಿಸುತ್ತವೆ. ಅಂತಹ ಆರು ಪ್ರಶ್ನೆಗಳು ಇಲ್ಲಿವೆ.

1. ಹಾಲು ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ?

ನೀರು ಕುದಿಯುವಾಗ ತಳದಿಂದ ಏಳುವ ಆವಿಯ ಗುಳ್ಳೆಗಳು ಮೇಲೆ ಬಂದು ಒಡೆದು ಹೋಗುತ್ತವೆ. ಹಾಲಿನಲ್ಲಿ ಕೊಬ್ಬು ಮತ್ತು ಪ್ರೊಟೀನ್ ಇವೆ. ಬಿಸಿಯಾದಂತೆ ಇವು ಮೇಲ್ಭಾಗದಲ್ಲಿ ಕೆನೆಯ ಪದರವಾಗಿ ನಿಲ್ಲುತ್ತವೆ. ಹೊರಹೋಗಲು ದಾರಿಯಿಲ್ಲದ ಆವಿ ಆ ಪದರವನ್ನೇ ಎತ್ತಿಕೊಂಡು ಮೇಲೇರುತ್ತದೆ. ಸೌಟಿನಿಂದ ಆಗಾಗ ಕಲಕುತ್ತಿದ್ದರೆ ಪದರ ಒಡೆದು ಆವಿಗೆ ದಾರಿಯಾಗುತ್ತದೆ, ಹಾಲು ಉಕ್ಕುವುದಿಲ್ಲ.

2. ಮಣ್ಣಿನ ಮಡಕೆಯ ನೀರು ತಂಪಾಗಿರುವುದು ಹೇಗೆ?

ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕಾಗುತ್ತದೆ. ಆ ಶಾಖವನ್ನು ಅದು ಹೆಚ್ಚಾಗಿ ಮಡಕೆಯಿಂದಲೇ ಎಳೆದುಕೊಳ್ಳುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ.

ಕಲಬುರಗಿಯ ಬೇಸಿಗೆಯಲ್ಲಿ ಮಡಕೆಯ ನೀರು ಎಷ್ಟು ತಂಪಾಗಿರುತ್ತದೋ ಮಂಗಳೂರಿನಲ್ಲಿ ಅಷ್ಟು ತಂಪಾಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವಾಂಶ ತುಂಬಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ. ನಮ್ಮ ದೇಹವೂ ಒಂದು ಮಡಕೆಯಂತೆಯೇ. ಬೆವರು ಆವಿಯಾದಾಗ ಮಾತ್ರ ಮೈ ತಣ್ಣಗಾಗುತ್ತದೆ, ಸುರಿದು ಹೋದರೆ ಅಲ್ಲ. ಆದ್ದರಿಂದ ಸೆಖೆ ಹೆಚ್ಚಿರುವ ಊರುಗಳಲ್ಲಿ ಬಿಸಿಲು ಕಡಿಮೆ ಎನಿಸಿದರೂ ದೇಹ ಅಪಾಯಕಾರಿಯಾಗಿ ಬಿಸಿಯಾಗಬಹುದು. ಬಿಸಿಲಲ್ಲಿ ದುಡಿಯುವವರು, ವೃದ್ಧರು ಮತ್ತು ಪುಟ್ಟ ಮಕ್ಕಳು ಇದನ್ನು ಮರೆಯಬಾರದು.

3. ಬಟ್ಟೆ ಒಗೆದಾಗ ಬೆರಳ ತುದಿ ಸುಕ್ಕಾಗುವುದೇಕೆ?

ಚರ್ಮ ನೀರು ಕುಡಿದು ಉಬ್ಬುತ್ತದೆ ಎಂಬ ಉತ್ತರ ಪ್ರಚಲಿತದಲ್ಲಿದೆ. ಆದರೆ ಕೈಯ ನರ ತುಂಡಾದವರಲ್ಲಿ ಆ ಭಾಗದ ಬೆರಳುಗಳು ನೀರಿನಲ್ಲಿ ಸುಕ್ಕಾಗುವುದಿಲ್ಲ ಎಂಬುದನ್ನು ವೈದ್ಯರು 1930ರ ದಶಕದಲ್ಲಿಯೇ ಗಮನಿಸಿದ್ದರು. ಅಂದರೆ ಇದು ನರಗಳ ಕೆಲಸ. ಬೆರಳುಗಳು ಸುಮಾರು ಐದು ನಿಮಿಷಕ್ಕಿಂತ ಹೆಚ್ಚು ನೀರಿನಲ್ಲಿದ್ದರೆ ನರಗಳ ಆದೇಶದಂತೆ ತುದಿಯ ರಕ್ತನಾಳಗಳು ಕುಗ್ಗುತ್ತವೆ, ಮೇಲಿನ ಚರ್ಮ ಒಳಕ್ಕೆ ಎಳೆಯಲ್ಪಟ್ಟು ಸುಕ್ಕುಗಟ್ಟುತ್ತದೆ. ಒದ್ದೆ ವಸ್ತುಗಳನ್ನು ಬಿಗಿಯಾಗಿ ಹಿಡಿಯಲು ಈ ಸುಕ್ಕು ನೆರವಾಗುತ್ತದೆ ಎಂದು 2013ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನ ತೋರಿಸಿತು. ಉಳಿದ ಬೆರಳುಗಳೆಲ್ಲ ಸುಕ್ಕಾಗಿ ಒಂದೆರಡು ಮಾತ್ರ ನುಣುಪಾಗಿಯೇ ಉಳಿದರೆ, ಜೊತೆಗೆ ಅಲ್ಲಿ ಜೋಮು ಇದ್ದರೆ, ವೈದ್ಯರಿಗೆ ತೋರಿಸುವುದು ಒಳ್ಳೆಯದು.

4. ನೀರಿನಿಂದ ತೊಳೆದರೆ ಸಾಲದೇ, ಸಾಬೂನು ಯಾಕೆ?

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ನಮ್ಮ ಕೈಯಲ್ಲಿ ಚರ್ಮದ್ದೇ ಆದ ಎಣ್ಣೆಯ ಅಂಶವಿದ್ದು, ಕೊಳೆ ಮತ್ತು ರೋಗಾಣುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಬರೀ ನೀರು ಅವುಗಳ ಮೇಲಿಂದ ಜಾರಿ ಹೋಗುತ್ತದೆ. ಸಾಬೂನಿನ ಅಣುವಿಗೆ ಒಂದು ತಲೆ ಮತ್ತು ಒಂದು ಉದ್ದನೆಯ ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳು ಎಣ್ಣೆಯ ಕಣದೊಳಗೆ ನುಗ್ಗಿ ಅದನ್ನು ಸುತ್ತುವರಿಯುತ್ತವೆ, ತಲೆಗಳು ನೀರನ್ನು ಹಿಡಿದುಕೊಳ್ಳುತ್ತವೆ. ಹೀಗೆ ಎಣ್ಣೆ, ಕೊಳೆ, ರೋಗಾಣು ಎಲ್ಲವೂ ನೀರಿನೊಂದಿಗೆ ಹರಿದು ಹೋಗುತ್ತವೆ. ಫ್ಲೂ ಮತ್ತು ಕೊರೋನಾದಂತಹ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆಯಿದೆ. ಸಾಬೂನಿನ ಬಾಲಗಳು ಆ ಹೊದಿಕೆಯನ್ನೇ ಹರಿದುಹಾಕುತ್ತವೆ.

ಈ ಕೆಲಸಕ್ಕೆ ಸಮಯ ಮತ್ತು ತಿಕ್ಕುವಿಕೆ ಬೇಕು. ಅದಕ್ಕಾಗಿಯೇ 20 ಸೆಕೆಂಡು ತಿಕ್ಕಿ ಎನ್ನುವುದು. ಬೆರಳ ಸಂದು, ಹೆಬ್ಬೆರಳು, ಉಗುರಿನ ಅಡಿ ಇವೇ ಸಾಮಾನ್ಯವಾಗಿ ತಪ್ಪಿಹೋಗುವ ಜಾಗಗಳು. ಬಿಸಿ ನೀರೇ ಆಗಬೇಕೆಂದಿಲ್ಲ, ತಣ್ಣೀರೂ ಸಾಕು. ಕೊಳವೆಬಾವಿಯ ಗಡಸು ನೀರಿನಲ್ಲಿ ನೊರೆ ಬರುವುದಿಲ್ಲವೆಂದು ಹಲವರು ದೂರುತ್ತಾರೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಂದಿಗೆ ಸೇರಿ ಬಿಳಿ ಗಷ್ಟಾಗುವುದೇ ಇದಕ್ಕೆ ಕಾರಣ. ಅಲ್ಲಿ ಸಾಬೂನು ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅಷ್ಟೆ.

ಕೈ ತೊಳೆಯುವುದರ ಬೆಲೆಯನ್ನು ಜಗತ್ತಿಗೆ ತೋರಿಸಿದವರಲ್ಲಿ ಮೊದಲಿಗರು ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್. 1847ರಲ್ಲಿ ಅವರು ತಮ್ಮ ಹೆರಿಗೆ ವಿಭಾಗದ ವೈದ್ಯರೆಲ್ಲ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬರಬೇಕೆಂದು ನಿಯಮ ಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಬಾಣಂತಿಯರ ಸಾವಿನ ಪ್ರಮಾಣ ಜೂನ್‌ನಲ್ಲಿ ಸುಮಾರು ಶೇ. 2ಕ್ಕೆ ಇಳಿಯಿತು. ರೋಗಾಣುಗಳ ಬಗ್ಗೆ ಆಗಿನ್ನೂ ತಿಳಿಯದಿದ್ದ ಕಾಲವದು. ಹಾಗಾಗಿ ಅವರ ಮಾತನ್ನು ಒಪ್ಪಿದವರು ಕೆಲವರೇ.

5. ಭೇದಿಗೆ ಕೊಡುವ ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕಿದೆ?

ರುಚಿಗೆ ಎಂದು ಭಾವಿಸಿದವರೇ ಹೆಚ್ಚು. ನಿಜವಾಗಿ ಸಕ್ಕರೆ ಇಲ್ಲಿ ಬೀಗದ ಕೈ. ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಅದು ತೆರೆಯುತ್ತದೆ. ಅವೆರಡೂ ಒಳಹೋದಾಗ ನೀರು ಅವುಗಳ ಹಿಂದೆಯೇ ಹೋಗುತ್ತದೆ. ಕಾಲರಾದಂತಹ ತೀವ್ರ ಭೇದಿಯಲ್ಲಿ ಕರುಳಿನಿಂದ ನೀರು ಸೋರಿ ಹೋಗುತ್ತಿದ್ದರೂ ಈ ಬಾಗಿಲು ಕೆಡುವುದಿಲ್ಲ. ಬರೀ ನೀರು ಅಥವಾ ಬರೀ ಉಪ್ಪುನೀರು ಕುಡಿಸಿದರೆ ಸಿಗದ ಫಲ ಇವೆರಡನ್ನೂ ಸರಿಯಾದ ಅಳತೆಯಲ್ಲಿ ಬೆರೆಸಿದಾಗ ಸಿಗುವುದು ಇದರಿಂದಲೇ.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಅವರ ನಿಧನಾನಂತರ 2023ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ಘೋಷಿಸಿತು.

ಮನೆಯಲ್ಲಿ ಹೀಗೆ ಮಾಡಿ: ಓಆರ್‌ಎಸ್ ಪೊಟ್ಟಣವಿದ್ದರೆ ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಪೂರ್ತಿ ಪುಡಿಯನ್ನು ಕರಗಿಸಿ. ಅರ್ಧ ಪುಡಿ, ಅಂದಾಜಿನ ನೀರು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿ. ಸಕ್ಕರೆ ಹೆಚ್ಚಾದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ತಂಪು ಪಾನೀಯ, ಪೊಟ್ಟಣದ ಹಣ್ಣಿನ ರಸ ಓಆರ್‌ಎಸ್‌ಗೆ ಬದಲಿಯಲ್ಲ.

ಪ್ರತಿ ಸಲ ನೀರಾಗಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಚಮಚದಲ್ಲಿ ನಿಧಾನವಾಗಿ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಆರಂಭಿಸಿ. ಎದೆಹಾಲು ನಿಲ್ಲಿಸಬೇಡಿ. ಬೆರೆಸಿದ ದ್ರಾವಣವನ್ನು 24 ಗಂಟೆ ಮೀರಿ ಇಡಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲಾರದಂತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

6. ಎರಡು ಕ್ಲೀನರ್ ಬೆರೆಸಿದರೆ ಎರಡು ಪಟ್ಟು ಸ್ವಚ್ಛವಾಗುತ್ತದೆಯೇ?

ಖಂಡಿತ ಇಲ್ಲ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣಕ್ಕೆ ಶೌಚಾಲಯ ತೊಳೆಯುವ ಆಸಿಡ್ ತಾಗಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಅಸ್ತಮಾ ಇರುವವರಿಗಂತೂ ಪ್ರಾಣಾಂತಿಕವಾಗಬಹುದು. ಒಂದು ಸಲಕ್ಕೆ ಒಂದನ್ನೇ ಬಳಸಿ, ಚೆನ್ನಾಗಿ ನೀರು ಸುರಿದು ತೊಳೆಯಿರಿ, ಬಾಗಿಲು ಕಿಟಕಿ ತೆರೆದಿಡಿ. ಘಾಟು ಮೂಗಿಗೆ ಬಡಿದ ಕೂಡಲೇ ಹೊರಬಂದು ಶುದ್ಧ ಗಾಳಿಯಲ್ಲಿ ನಿಲ್ಲಿ. ಕೆಮ್ಮು, ಉಸಿರಾಟದ ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಿರಿ. ಆಸಿಡನ್ನು ಕುಡಿಯುವ ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ತುಂಬಿಸಿಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಬಾಯಾರಿದ ಮಗುವಿಗೆ ಬಾಟಲಿಯಷ್ಟೇ ಕಾಣುತ್ತದೆ, ಒಳಗೇನಿದೆ ಎಂಬುದು ತಿಳಿಯುವುದಿಲ್ಲ.

ಎರಡು ಓಆರ್‌ಎಸ್ ಪೊಟ್ಟಣ ಸದಾ ಮನೆಯಲ್ಲಿರಲಿ. ಅದನ್ನು ಬೆರೆಸುವ ಅಳತೆ ಮನೆಯ ಎಲ್ಲರಿಗೂ, ಮುಖ್ಯವಾಗಿ ಹಿರಿಯ ಮಕ್ಕಳಿಗೂ ಗೊತ್ತಿರಲಿ.