ಸತ್ತ ಹಸುವಿನ ಒಂದು ತೊಟ್ಟು ರಕ್ತ

ಬಾಳೂರಿನ ಕಡೆಯ ಒಂದು ತೋಟದ ಮನೆ ಎಂದಿಟ್ಟುಕೊಳ್ಳಿ. ಸಂಜೆ ಮೇದು ಬಂದ ಹಸು ಬೆಳಗಾಗುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದೆ. ಹೊಟ್ಟೆ ಉಬ್ಬಿದೆ. ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದೆ. ಹಾವು ಕಚ್ಚಿರಬೇಕೆಂದು ಒಬ್ಬರು, ವಿಷದ ಸೊಪ್ಪು ತಿಂದಿರಬೇಕೆಂದು ಇನ್ನೊಬ್ಬರು, ಚರ್ಮವನ್ನಾದರೂ ಸುಲಿಸೋಣವೆಂದು ಮತ್ತೊಬ್ಬರು. ಈ ಮೂರನೆಯವರನ್ನು ತಕ್ಷಣ ತಡೆಯಬೇಕು. ಇದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು.

ಇದರ ರೋಗಾಣು ಬ್ಯಾಸಿಲಸ್ ಅಂಥ್ರಾಸಿಸ್. ಕಳೇಬರವನ್ನು ಕೊಯ್ಯದಿದ್ದರೆ ಅದು ಒಳಗೇ ಕೊಳೆತು ಬಹುಪಾಲು ನಾಶವಾಗುತ್ತದೆ. ಕೊಯ್ದರೆ ಗಾಳಿ ತಾಗಿ ಗಟ್ಟಿ ಕವಚದ ಬೀಜಕಣವಾಗಿ, ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಸುಣ್ಣದಂಶದ ಮಣ್ಣು ಅದಕ್ಕೆ ಹೆಚ್ಚು ಹಿತ. ಮಲೆನಾಡಿನ ಹುಳಿಮಣ್ಣು ಅಷ್ಟು ಹಿತವಲ್ಲ, ನಿಜ. ಆದರೆ ದನ ಬಯಲುಸೀಮೆಯ ಸಂತೆಯಿಂದಲೂ ಬರುತ್ತದಲ್ಲ!

ಪಶುವೈದ್ಯರು ಕಿವಿಯ ನರದಿಂದ ಒಂದು ತೊಟ್ಟು ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೀಲಿ ಕಡ್ಡಿಗಳ ಸುತ್ತ ನಸುಗೆಂಪು ಹೊದಿಕೆ ಕಂಡರೆ ಶಂಕೆ ಬಲವಾಗುತ್ತದೆ. ರಕ್ತ ಹಳತಾಗಿದ್ದರೆ ಹೊದಿಕೆ ಕಾಣದೆಯೂ ಹೋಗಬಹುದು. ಸಾಲದ್ದಕ್ಕೆ, ಇದರ ದಾಯಾದಿ ಬ್ಯಾಸಿಲಸ್ ಸೀರಿಯಸ್ ಮಣ್ಣಿನಲ್ಲೂ ಹೊರಗಿಟ್ಟ ಅನ್ನದಲ್ಲೂ ಸಿಗುವಂಥದು.

ಹಾಗಾದರೆ ಗುರುತಿಸುವುದು ಹೇಗೆ? ರೋಗಾಣುವಿನ ಮಾರಕಶಕ್ತಿ ಅಡಗಿರುವುದು ಪ್ಲಾಸ್ಮಿಡ್ ಎಂಬ ಎರಡು ಚಿಕ್ಕ ಡಿಎನ್‌ಎ ಉಂಗುರಗಳಲ್ಲಿ. ಒಂದರಲ್ಲಿ ವಿಷ ತಯಾರಿಸುವ ಮೂರು ವಂಶವಾಹಿಗಳು. ಇನ್ನೊಂದರಲ್ಲಿ, ದೇಹದ ರಕ್ಷಕ ಕಣಗಳಿಂದ ತಪ್ಪಿಸಿಕೊಳ್ಳಲು ನೆರವಾಗುವ ಆ ಹೊದಿಕೆಯ ವಂಶವಾಹಿಗಳು. ಪ್ರಯೋಗಾಲಯದಲ್ಲಿ ಇವುಗಳನ್ನು ಪಿಸಿಆರ್ ವಿಧಾನದಿಂದ ಹುಡುಕುತ್ತಾರೆ. ಬೇಕಾದ ವಂಶವಾಹಿಯ ತುಣುಕು ಮಾದರಿಯಲ್ಲಿದ್ದರೆ ಪ್ರತಿ ಸುತ್ತಿಗೂ ಎರಡರಷ್ಟಾಗುತ್ತದೆ. ಲೆಕ್ಕದ ಪ್ರಕಾರ 30 ಸುತ್ತಿನಲ್ಲಿ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಇಲ್ಲದಿದ್ದರೆ ಏನೂ ಬೆಳೆಯುವುದಿಲ್ಲ. ಈ ವಿಧಾನಕ್ಕಾಗಿ ಅಮೆರಿಕದ ಕ್ಯಾರಿ ಮಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಎರಡೂ ಉಂಗುರಗಳನ್ನು ಹುಡುಕಲು ಇನ್ನೊಂದು ಕಾರಣವಿದೆ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಮ್ಯಾಕ್ಸ್ ಸ್ಟರ್ನ್ ಹೊದಿಕೆಯಿಲ್ಲದ ತಳಿಯೊಂದರಿಂದ ದನಗಳಿಗೆ ಲಸಿಕೆ ಮಾಡಿದರು. ಪ್ಲಾಸ್ಮಿಡ್‌ಗಳ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. ಆ ತಳಿ ಎರಡನೆಯ ಉಂಗುರವನ್ನೇ ಕಳೆದುಕೊಂಡಿತ್ತೆಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆದ್ದರಿಂದ ಪರೀಕ್ಷೆಯಲ್ಲಿ ಮೊದಲನೆಯದು ಮಾತ್ರ ಸಿಕ್ಕರೆ ಅದು ಲಸಿಕೆಯ ತಳಿಯೂ ಆಗಿರಬಹುದು. ನಮ್ಮಲ್ಲಿ ನೆರಡಿ ಲಸಿಕೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತದೆ.

ವರದಿ ಬರುವವರೆಗೆ ಕಳೇಬರದ ಹತ್ತಿರ ನಾಯಿ, ಮಕ್ಕಳು ಸುಳಿಯಬಾರದು. ಸುಡುವುದೋ ಆಳವಾಗಿ ಹೂಳುವುದೋ ಪಶುವೈದ್ಯರೇ ಹೇಳಲಿ. ಮಾಂಸದ ಮಾತೇ ಬೇಡ. ಕೊಟ್ಟಿಗೆಯಲ್ಲಿ ಕೈಯಾಡಿಸಿದವರ ಚರ್ಮದ ಮೇಲೆ ತುರಿಕೆಯ ಗುಳ್ಳೆ ಎದ್ದು, ನೋವಿಲ್ಲದೆ ನಡುವೆ ಕಪ್ಪು ಹಕ್ಕಳೆ ಕಟ್ಟಿದರೆ ಅಂದೇ ವೈದ್ಯರಲ್ಲಿಗೆ ಹೋಗಿ, ಹಸು ಸತ್ತ ವಿಷಯವನ್ನೂ ತಿಳಿಸಿ. ಬೇಗ ಶುರುಮಾಡಿದರೆ ಆ್ಯಂಟಿಬಯೊಟಿಕ್‌ಗೆ ಈ ಹುಣ್ಣು ವಾಸಿಯಾಗುತ್ತದೆ.