ಫ್ರೆಷರ್ ಬೇಕೇ? ಮೊದಲು ಸೀನಿಯರ್‌ನ ಸಮಯ ಲೆಕ್ಕ ಹಾಕಿ

ಹತ್ತು–ಹದಿನೈದು ಜನರ ಸ್ಟಾರ್ಟಪ್‌ಗಳು ಫ್ರೆಷರ್‌ಗಳನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಸಂಬಳ ಕಡಿಮೆ ಎಂಬ ಕಾರಣಕ್ಕೆ. ಲೆಕ್ಕ ತಪ್ಪುವುದೂ ಅಲ್ಲೇ. ಹೊಸಬರು ಕೆಲಸ ಕಲಿಯುವವರೆಗೆ ಹಳಬರೊಬ್ಬರ ದಿನದಲ್ಲಿ ಒಂದೆರಡು ಗಂಟೆ ಅವರಿಗೇ ಹೋಗುತ್ತದೆ. ಆ ಗಂಟೆಗಳನ್ನು ಯಾರು ಕೊಡುತ್ತಾರೆ, ಅವರ ಯಾವ ಕೆಲಸವನ್ನು ಅಷ್ಟು ದಿನ ಪಕ್ಕಕ್ಕಿಡಬೇಕು ಎಂಬುದು ತೀರ್ಮಾನವಾಗದೆ ಜಾಹೀರಾತು ಹಾಕಬೇಡಿ. ಒಬ್ಬ ಸೀನಿಯರ್‌ಗೆ ಇಬ್ಬರು ಫ್ರೆಷರ್‌ಗಳು ಸಾಕು. ಐವರನ್ನು ಸೇರಿಸಿಕೊಂಡು, ಉಳಿಯುವವರು ಉಳಿಯಲಿ ಎಂದರೆ ಕಾಲೇಜುಗಳಲ್ಲಿ ಹೆಸರು ಕೆಡುತ್ತದೆ. ಪ್ಲೇಸ್‌ಮೆಂಟ್ ಆಫೀಸರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ.

ಮುಂದಿನದು, ಮೊದಲ ಮೂರು ತಿಂಗಳ ಕೆಲಸವನ್ನು ಐದಾರು ಸಾಲಿನಲ್ಲಿ ಬರೆಯುವುದು. ‘ಒತ್ತಡ ನಿಭಾಯಿಸಬಲ್ಲ ಉತ್ಸಾಹಿ’ ಎಂಬಂಥ ಮಾತು ಯಾರಿಗೂ ಏನೂ ತಿಳಿಸುವುದಿಲ್ಲ. ‘ಗ್ರಾಹಕರ ದೂರು ಓದಿ ವಿಂಗಡಿಸಬೇಕು, ಆ್ಯಪ್‌ನ ಕನ್ನಡ ಆವೃತ್ತಿಯಲ್ಲಿ ತಪ್ಪು ಹುಡುಕಬೇಕು, ಶುಕ್ರವಾರ ವರದಿ ಕೊಡಬೇಕು’ ಎಂದು ಬರೆದು ಸಂಬಳವನ್ನೂ ಸೇರಿಸಿದರೆ ಬೇಡದ ಅರ್ಜಿಗಳು ಎಷ್ಟೋ ಕಡಿಮೆಯಾಗುತ್ತವೆ.

ಎಲ್ಲಿ ಹುಡುಕುವುದು

ಬೆಂಗಳೂರಿನ ಹೆಸರಾಂತ ಕ್ಯಾಂಪಸ್‌ಗಳಲ್ಲಿ ದೊಡ್ಡ ಕಂಪನಿಗಳ ಜೊತೆ ಪೈಪೋಟಿಗಿಳಿಯುವ ಬದಲು ಹುಬ್ಬಳ್ಳಿ, ಮಂಗಳೂರು, ಮೈಸೂರು, ಕಲಬುರಗಿಯ ಕಾಲೇಜುಗಳಿಗೆ ಹೋಗಿ. ಕೊನೆಯ ಸೆಮಿಸ್ಟರ್‌ನ ಇಂಟರ್ನ್‌ಶಿಪ್‌ನಿಂದ ಆರಂಭಿಸಿದರೆ ಇಬ್ಬರಿಗೂ ಪರಸ್ಪರ ಅಳೆದು ನೋಡಲು ಸಮಯ ಸಿಗುತ್ತದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಪದವೀಧರರ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಆದರೆ ಹೆಸರೇ ಹೇಳುವಂತೆ ಅಲ್ಲಿ ತರಬೇತಿ ನಡೆಯಬೇಕು. ಅಗ್ಗದ ಆಳು ಸಿಕ್ಕಿತೆಂದುಕೊಂಡವರು ದೂರವಿರುವುದೇ ಒಳ್ಳೆಯದು.

ಆಯ್ಕೆ

ಫ್ರೆಷರ್‌ಗಳ ರೆಸ್ಯೂಮೆಗಳು ಒಂದೇ ಅಚ್ಚಿನವು. ಅದೇ ಪ್ರಾಜೆಕ್ಟ್, ಅದೇ ಸರ್ಟಿಫಿಕೇಟ್. ಅಂಕದ ಗೆರೆ ಎಳೆದು ಜಾಲಾಡುವುದಕ್ಕಿಂತ, ಅಭ್ಯರ್ಥಿ ತಾನೇ ಮಾಡಿದ ಒಂದು ಕೆಲಸವನ್ನು ಹಿಡಿದು ಆಳಕ್ಕೆ ಹೋಗಿ. ಇದರಲ್ಲಿ ನೀವು ಮಾಡಿದ ಭಾಗ ಯಾವುದು? ಎಲ್ಲಿ ಕೈಕೊಟ್ಟಿತು? ಆಗ ಯಾರನ್ನು ಕೇಳಿದಿರಿ? ಬೇರೆಯವರ ಪ್ರಾಜೆಕ್ಟ್‌ಗೆ ಹೆಸರು ಹಚ್ಚಿದವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ.

ಆಮೇಲೆ ಎರಡು ಗಂಟೆಯೊಳಗೆ ಮುಗಿಯುವ ಪುಟ್ಟ ಕೆಲಸ ಕೊಡಿ. ನೀವು ಈಗಾಗಲೇ ಬಿಡಿಸಿರುವ ಸಮಸ್ಯೆಯೇ ಇರಲಿ, ಇಲ್ಲವಾದರೆ ಅಭ್ಯರ್ಥಿಗಳಿಂದ ಪುಕ್ಕಟೆ ದುಡಿಸಿಕೊಂಡಂತಾಗುತ್ತದೆ. ಎಐ ಬಳಸಬೇಡಿ ಎಂದು ತಾಕೀತು ಮಾಡಿ ಪ್ರಯೋಜನವಿಲ್ಲ. ಬಳಸಲಿ, ನಂತರ ಎದುರಿಗೆ ಕೂರಿಸಿಕೊಂಡು ಒಂದು ಷರತ್ತು ಬದಲಿಸಿ ತಿದ್ದಲು ಹೇಳಿ. ಅರ್ಥವಾಗದೆ ನಕಲಿಳಿಸಿದ್ದು ಅಲ್ಲೇ ಬಯಲಾಗುತ್ತದೆ. ಪರೀಕ್ಷೆ ಅರ್ಧ ದಿನ ದಾಟುವುದಾದರೆ ಹಣ ಕೊಡಿ. ಕನ್ನಡ ಮಾಧ್ಯಮದಿಂದ ಬಂದವರು ತಮ್ಮ ತರ್ಕವನ್ನು ಕನ್ನಡದಲ್ಲೇ ವಿವರಿಸಲಿ. ಕೆಲಸಕ್ಕೆ ಇಂಗ್ಲಿಷ್ ಬರವಣಿಗೆ ಬೇಕಿದ್ದರೆ ಅದನ್ನು ಬೇರೆಯಾಗಿ ನೋಡಿ, ಎರಡನ್ನೂ ಬೆರೆಸಬೇಡಿ.

ಕಾಗದಪತ್ರ

ಆಫರ್ ಲೆಟರ್‌ನಲ್ಲಿ ಸೇರುವ ದಿನಾಂಕ, ಸಿಟಿಸಿ, ಕೈಗೆ ಬರುವ ಸಂಬಳ, ಪ್ರೊಬೇಷನ್ ಅವಧಿ, ನೋಟಿಸ್ ಅವಧಿ ಎಲ್ಲವೂ ಇರಲಿ. 2022ರಲ್ಲಿ ದೊಡ್ಡ ಐಟಿ ಕಂಪನಿಯ ಆಫರ್ ಹಿಡಿದು ಎರಡು ವರ್ಷ ಕಾದವರ ಕಥೆ ಪ್ರತಿ ಇಂಜಿನಿಯರಿಂಗ್ ಕಾಲೇಜಿಗೂ ಗೊತ್ತು. ಹಾಗಾಗಿ ಖಚಿತ ದಿನಾಂಕವೇ ಸಣ್ಣ ಕಂಪನಿಯ ಆಕರ್ಷಣೆಯಾಗಬಹುದು. ಒರಿಜಿನಲ್ ಅಂಕಪಟ್ಟಿಯನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ.

ಉದ್ಯೋಗಿಗಳ ಸಂಖ್ಯೆ 10 ಮುಟ್ಟಿದೊಡನೆ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿ ಬೇಕು, ಇಎಸ್‌ಐ ಬರುತ್ತದೆ. 20 ಆದರೆ ಪಿಎಫ್. ಹೂಡಿಕೆದಾರರ ವಕೀಲರು ಕೇಳಿದಾಗಲೇ ಬಹಳ ಜನರಿಗೆ ಇದು ನೆನಪಾಗುವುದು.

ಮೊದಲ ತಿಂಗಳು

ಸೇರಿದ ದಿನ ಲ್ಯಾಪ್‌ಟಾಪ್, ಇಮೇಲ್, ಕುರ್ಚಿ ಸಿದ್ಧವಿರಲಿ. ಎರಡು ದಿನ ಸುಮ್ಮನೆ ಕೂತವರು ‘ಇಲ್ಲಿ ಹೀಗೇ’ ಎಂದು ತೀರ್ಮಾನಿಸಿಬಿಡುತ್ತಾರೆ. ಮೊದಲ ವಾರದಲ್ಲೇ, ಎಷ್ಟೇ ಚಿಕ್ಕದಾಗಿರಲಿ, ಗ್ರಾಹಕರವರೆಗೆ ತಲುಪುವ ಒಂದು ಕೆಲಸ ಅವರ ಕೈಯಿಂದ ಆಗಲಿ. ಮೊದಲೇ ಗೊತ್ತುಮಾಡಿದ ಸೀನಿಯರ್ ದಿನಾ ನಿಗದಿತ ಹೊತ್ತಿಗೆ ಹದಿನೈದು ನಿಮಿಷ ಕೂತು ಮಾತಾಡಲಿ. ‘ಏನಾದರೂ ಇದ್ದರೆ ಕೇಳಪ್ಪ’ ಎಂದು ಹೇಳಿ ಹೋದರೆ ಸಾಲದು, ಸಂಕೋಚದ ಹುಡುಗರು ಕೇಳುವುದೇ ಇಲ್ಲ. ತಪ್ಪನ್ನು ಗುಂಪಿನ ಚಾಟ್‌ನಲ್ಲಿ ಎತ್ತಾಡಬೇಡಿ, ಪಕ್ಕಕ್ಕೆ ಕರೆದು ತೋರಿಸಿ.

ಕೆಲಸದ ಹೊತ್ತಿನ ವಿಷಯ. ಇನ್ಫೊಸಿಸ್ ನಾರಾಯಣ ಮೂರ್ತಿಯವರು 2023ರಲ್ಲಿ ಆಡಿದ ವಾರಕ್ಕೆ 70 ಗಂಟೆಯ ಮಾತು ಎಷ್ಟೇ ಚರ್ಚೆಯಾಗಿರಲಿ, ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಬೆಂಗಳೂರಿನದೇ ಆದ ಜೆರೋಧಾ, ಸಂಜೆ ಆರರ ನಂತರ ಮತ್ತು ರಜಾದಿನ ಕೆಲಸದ ಚಾಟ್ ಬೇಡ ಎಂಬ ನಿಯಮ ಪ್ರಕಟಿಸಿತ್ತು. ನಿಮ್ಮಲ್ಲಿ ಯಾವ ನಿಯಮವಿದ್ದರೂ ಹೊಸಬರು ನೋಡುವುದು ಸಂಸ್ಥಾಪಕರನ್ನು. ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜಿನಲ್ಲಿ ‘ನಾಳೆ ನೋಡಿದರಾಯಿತು’ ಎಂದಿದ್ದರೂ ಅವರು ಆಗಲೇ ಲ್ಯಾಪ್‌ಟಾಪ್ ತೆರೆಯುತ್ತಾರೆ. ಬರೆದದ್ದು ಬೆಳಿಗ್ಗೆ ಹೋಗುವಂತೆ ಸಮಯ ನಿಗದಿ ಮಾಡಿಡಿ.

ತಿಂಗಳ ಕೊನೆಗೆ ಎಲ್ಲಿ ಸರಿಹೋಗಿದೆ, ಎಲ್ಲಿ ಇಲ್ಲ ಎಂದು ಬರೆದು ಕೊಡಿ. ಹೊಂದುವುದಿಲ್ಲ ಎನಿಸಿದರೆ ಪ್ರೊಬೇಷನ್ ಮುಗಿಯುವ ಹಿಂದಿನ ದಿನದವರೆಗೆ ಕಾಯಬೇಡಿ, ಎರಡನೇ ತಿಂಗಳಲ್ಲೇ ಹೇಳಿ. ಬಿಟ್ಟುಹೋಗುವವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ರಿಲೀವಿಂಗ್ ಲೆಟರ್ ಕೂಡ ಅದರ ಜೊತೆಗೇ ಹೋಗಲಿ. ಮುಂದಿನ ಕೆಲಸಕ್ಕೆ ಅವರನ್ನು ಮೊದಲು ಕೇಳುವುದೇ ಅದನ್ನು.